ನಿನ್ನ ತೋಳಿಗೆ ಕಟ್ಟದ ಪಟ್ಟಿ

ಉತ್ತರ ಸೇಂಟ್ ಲೂಯಿಸ್
ಮಾರ್ಚ್ ತಿಂಗಳ ಮೊದಲ ಸೋಮವಾರ

ಮುನಿದು ನದಿಯಾಚೆ ಹೋಗಿ ಕುಳಿತ ಕ್ಲಿಯೋಫಸ್‌ಗೆ,

ನನ್ನ ಅಕ್ಷರ ಕಂಡ ಕೂಡಲೇ ಹರಿಯಬೇಕೆನಿಸುತ್ತದೆ, ಗೊತ್ತು. ಓದಿ ಆಮೇಲೆ ಹರಿ.

ನಿನ್ನಕ್ಕ ಆರ್ಲೀತಾ ಬೇಯಿಸಿದ ಉಪ್ಪಿಲ್ಲದ ಬೀನ್ಸ್ ತಿನ್ನುತ್ತಾ ನನ್ನನ್ನು ಬೈಯುತ್ತಿರುತ್ತೀಯ. ಬೈ. ಲಕ್ವ ಹೊಡೆದು ಬಾಯಿ ಸೊಟ್ಟಗಾದರೂ ಬೈಗುಳ ಮಾತ್ರ ನೆಟ್ಟಗೆ ಬರುತ್ತದೆಂದು ಅವಳೇ ಫೋನಿನಲ್ಲಿ ಹೇಳಿದಳು.

ನಿನ್ನೆ ನಿನ್ನ ಸಲೂನಿನ ಬೀಗ ತೆಗೆದು ಗುಡಿಸಿ ಬಂದೆ. ಬಿಪಿ ಯಂತ್ರ ನಿನ್ನ ಕುರ್ಚಿಯ ಪಕ್ಕದಲ್ಲೇ ಇದೆ. ಅದನ್ನು ಅಲ್ಲಿಗೆ ತಂದವಳು ನಾನು. ಚರ್ಚು, ಸಲೂನು, ದೊಡ್ಡಾಸ್ಪತ್ರೆ ಮೂರೂ ಕೈಜೋಡಿಸಲಿ ಎಂದು ಊರೆಲ್ಲ ಕೂಗಿದವಳೂ ನಾನೇ. ನಮ್ಮ ಕರಿಯ ಗಂಡಸರು ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ನಿನ್ನ ಕ್ಷೌರದ ಕತ್ತಿಗೆ ಮಾತ್ರ ನಂಬಿ ಕುತ್ತಿಗೆ ಕೊಡುತ್ತಿದ್ದರು.

ಮೊದಲ ದಿನ ಚರ್ಚಿನ ಡೀಕನ್ ಪರ್ವಿಸ್‌ನ ತೋಳಿಗೆ ನೀನು ಯಂತ್ರದ ಪಟ್ಟಿ ಸುತ್ತಿದಾಗ ಅವನು, "ಏನಯ್ಯಾ, ನನ್ನನ್ನ ಅರೆಸ್ಟ್ ಮಾಡ್ತಿದೀಯಾ?" ಎಂದ. "ಸುಮ್ನೆ ಕೈ ಚಾಚೋ ಮುದುಕಾ, ಪೊಲೀಸ್ರ ಬೇಡಿಗಿಂತ ಇದು ಮೆತ್ತಗಿದೆ," ಎಂದೆ ನೀನು. ಅಂಗಡಿಯೆಲ್ಲ ನಕ್ಕಿತು. ಯಂತ್ರ ತೋರಿಸಿದ ಅಂಕಿ ನೋಡಿ ನೀನು ಮಾತ್ರ ನಗಲಿಲ್ಲ. ಅರ್ಧ ತಲೆ ಕತ್ತರಿಸಿದ್ದವನನ್ನು ಹಾಗೆಯೇ ಎಬ್ಬಿಸಿ, ಚರ್ಚಿನ ನೆಲಮಾಳಿಗೆಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಅವನು ಇವತ್ತೂ ಬದುಕಿದ್ದಾನೆ.

ಆಸ್ಪತ್ರೆಯವರು ನಿನ್ನ ಮುಖವನ್ನು ಬಸ್ಸುಗಳಿಗೆ ಅಂಟಿಸಿದರು. ಬೀದಿ ಬೀದಿಯಲ್ಲಿ ನೀನೇ, "ನಿನ್ನ ಬಿಪಿ ಎಷ್ಟೆಂದು ತಿಳಿದುಕೋ" ಎಂದು ನಗುತ್ತಾ ಓಡಾಡಿದೆ. ನನ್ನ ಎದೆ ಉಬ್ಬಿತ್ತು, ಸುಳ್ಳು ಹೇಳಲಾರೆ. ಒಂದು ಸಲ, "ನಿನ್ನದೂ ನೋಡೋಣ, ಕೈ ಕೊಡು," ಎಂದೆ. "ಪೋಸ್ಟರ್‌ಗೆ ಬಿಪಿ ಬರಲ್ಲ ಕಣೇ," ಎಂದು ನಕ್ಕೆ ನೀನು. ನಾನೂ ನಕ್ಕೆ. ಬೀದಿಯ ತೋಳುಗಳಿಗೆಲ್ಲ ಪಟ್ಟಿ ಕಟ್ಟಿದವನ ತೋಳು ಹಾಗೇ ಉಳಿಯಿತು. ಒಂದು ಶನಿವಾರ ಕೈಯಲ್ಲಿದ್ದ ಕೂದಲು ಕತ್ತರಿಸುವ ಮಷೀನು ನೆಲಕ್ಕೆ ಬಿತ್ತು. ಅದರ ಹಿಂದೆ ನೀನು.

ಮನೆ ಬಿಡುವಾಗ, "ನಿಂಗೆ ಗಂಡ ಬೇಕಿರ್ಲಿಲ್ಲ, ಪೋಸ್ಟರ್ ಬೇಕಿತ್ತು," ಎಂದೆ ನೀನು.

ಈಗ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯವರು ಚರ್ಚಿನ ಆ ಕ್ಲಿನಿಕ್ಕನ್ನು ಮುಚ್ಚುತ್ತಾರಂತೆ. ಗಿಟ್ಟುವುದಿಲ್ಲವಂತೆ. ಹೆದ್ದಾರಿಯಾಚೆ ಗಾಜಿನ ಕಟ್ಟಡ ಕಟ್ಟಿದ್ದಾರಂತೆ, ಎರಡು ಬಸ್ಸು ಬದಲಿಸಿ ಅಲ್ಲಿಗೆ ಬನ್ನಿ ಎನ್ನುತ್ತಾರೆ. ಕುಂಟುವ ಕಾಲಿನವರು, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರು ಎರಡು ಬಸ್ಸು ಹತ್ತಬೇಕು! ನಮ್ಮ ಕಿಡ್ನಿ ಕೆಡುವುದು ನಮ್ಮ ಅಡುಗೆಯಿಂದ ಎಂದು ಪಾಠ ಹೇಳುತ್ತಾರೆ. ಈ ಬೀದಿಯ ತರಕಾರಿ ಅಂಗಡಿ ಮುಚ್ಚಿ ಮೂಲೆ ಮೂಲೆಗೆ ಸಾರಾಯಿ ಅಂಗಡಿ ಇಟ್ಟಿದ್ದು ನಾವಾ? ಊರು ಒಂದೇ, ಕುಡಿಯುವ ನೀರು ಒಂದೇ. ಬಿಳಿಯರ ಬೀದಿಯಲ್ಲಿ ಜನ ಮೊಮ್ಮಕ್ಕಳ ಮದುವೆ ನೋಡಿ ಸಾಯುತ್ತಾರೆ. ನಮ್ಮಲ್ಲಿ ಮಕ್ಕಳ ಮದುವೆ ಕಂಡರೆ ಪುಣ್ಯ.

ಮುಂದಿನ ವಾರ ಗುರುವಾರ ಸಂಜೆ ಚರ್ಚಿನಲ್ಲಿ ಸಭೆ. ಆಸ್ಪತ್ರೆಯ ದೊಡ್ಡವರು ಬಂದು ಜನರ ಮಾತು ಕೇಳಿ ತೀರ್ಮಾನ ಮಾಡುತ್ತಾರಂತೆ. ಮೊನ್ನೆ ಅವರ ಅಧಿಕಾರಿಯ ಬಳಿ ಹೋಗಿದ್ದೆ. "ಮೇಡಂ, ನೀವು ಕೂಗೋದು ನಮಗೆ ಅಭ್ಯಾಸ ಆಗ್ಬಿಟ್ಟಿದೆ," ಎಂದು ನಕ್ಕ. ನನ್ನ ಗಂಟಲು ಅಗ್ಗವಾಯಿತು, ಕ್ಲಿಯೋ. ಆದರೆ ನಿನ್ನ ಮುಖವನ್ನು ಅಂಟಿಸಿದವರು ಅವರೇ. ಗುರುತಿಲ್ಲ ಎನ್ನುವಂತಿಲ್ಲ. ಅದೇ ಮುಖ ಈಗ ಹೇಗಿದೆ ನೋಡಲಿ. ಮಾತು ಅರ್ಧಕ್ಕೆ ತುಂಡಾದರೆ ಆಗಲಿ, ಬಂದು ನಿಲ್ಲು. ಸಲೂನಿನ ಗಂಡಸರೆಲ್ಲ, "ಕ್ಲಿಯೋ ಬಂದು ನಿಂತ್ರೆ ನಾವೂ ಎದ್ದು ಮಾತಾಡ್ತೀವಿ," ಎನ್ನುತ್ತಿದ್ದಾರೆ. ಪರ್ವಿಸ್‌ನ ಗುಳಿಗೆ ಬರುವುದು ಆ ಕ್ಲಿನಿಕ್ಕಿನಿಂದಲೇ.

ಜನರ ಮುಂದೆ ಬರಲು ನಿನಗೆ ನಾಚಿಕೆ, ಗೊತ್ತು. ಊರಿನ ಗಡ್ಡಗಳನ್ನೆಲ್ಲ ಗೆರೆ ಕೊರೆದು ತಿದ್ದಿದವನು ನೀನು, ಈಗ ನಿನ್ನ ಬಾಯಿಯೇ ಸೊಟ್ಟ. ಮತ್ತೆ ನಿನ್ನನ್ನು ಪೋಸ್ಟರ್ ಮಾಡಲು ಹೊರಟಿದ್ದೇನೆಯೇ? ಇರಬಹುದು. ಆದರೂ ಕರೆಯುತ್ತಿದ್ದೇನೆ. ಬಾ. ಕಾರು ತಂದು ನಾನೇ ಕರೆದೊಯ್ಯುತ್ತೇನೆ.

ತನ್ನ ಹೆಸರಿನ ಜೊತೆ ಇನ್ನೂ ನಿನ್ನ ಮನೆತನದ ಹೆಸರನ್ನೇ ಬರೆಯುತ್ತಿರುವ,
ವರ್ನೆಲ್

ತಾ.ಕ.: ಇವತ್ತು ಮಾರ್ಚ್ ಮೂರನೆಯ ಸೋಮವಾರ. ಈ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ. ಡಬ್ಬದವರೆಗೂ ಹೋಗಿ ವಾಪಸ್ ಬಂದೆ. ಸಾವಿರ ಜನರೆದುರು ಕೂಗುವವಳಿಗೆ ನಿನ್ನೊಬ್ಬನ "ಒಲ್ಲೆ" ಕೇಳುವ ಧೈರ್ಯ ಬರಲಿಲ್ಲ. ಸಭೆ ಮುಗಿಯಿತು. ನಾನು ಕೂಗಿದೆ, ಅವರು ತಲೆಯಾಡಿಸಿದರು. ಪರ್ವಿಸ್ ಬಾಗಿಲ ಕಡೆಗೇ ನೋಡುತ್ತಾ ಕುಳಿತಿದ್ದ. ಗಂಡಸರು ಯಾರೂ ಏಳಲಿಲ್ಲ. ತಿಂಗಳ ಕೊನೆಗೆ ಕ್ಲಿನಿಕ್ಕಿಗೆ ಬೀಗ.

ನಿನ್ನೆ ಆರ್ಲೀತಾ ಫೋನು ಮಾಡಿದ್ದಳು. "ಸಭೆ ವಿಷಯ ರೇಡಿಯೋದಲ್ಲಿ ಕೇಳಿದ್ದ ಕಣೆ. ಗುರುವಾರ ಸೂಟು ಇಸ್ತ್ರಿ ಮಾಡಿಸ್ಕೊಂಡ. ಟೈ ನಾನೇ ಕಟ್ದೆ. ಕತ್ತಲಾಗೋವರ್ಗೂ ಜಗಲಿ ಮೇಲೆ ಕೂತಿದ್ದ. ನಾನು ಕರ್ಕೊಂಡು ಹೋಗ್ಲಾ ಅಂದ್ರೆ, 'ಬೇಡ, ಅವಳು ಕರೀಲಿ' ಅಂದ."