ರಸ್ತೆ ದಾಟದ ಆಮೆ

ಭಾನುವಾರ, ಸಂಜೆ

ಚಿನಕುರುಳಿಯ ಅಪ್ಪನಿಗೆ,

ಹೀಗೆ ಕರೆದರೆ ನಿಮಗೆ ನೋವಾಗುತ್ತದೆಂದು ಗೊತ್ತು. ಬೇರೆ ಹೇಗೂ ಕರೆಯಲು ಬಾಯಿ ಬರುತ್ತಿಲ್ಲ. ಕ್ಷೇಮ ಕೇಳಿದರೆ ಇಬ್ಬರೂ ಸುಳ್ಳು ಹೇಳಬೇಕಾಗುತ್ತದೆ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಮಗಳು ಕೊನೆಯ ದಿನಗಳನ್ನು ಕಳೆದ ಮಕ್ಕಳ ವಾರ್ಡಿಗೆ ಯಾರೋ ಹಳೆಯ ಕಂಪ್ಯೂಟರುಗಳನ್ನು ಕೊಟ್ಟಿದ್ದಾರೆ. ಎಲ್ಲದರಲ್ಲೂ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್. ಹೊಲಿಗೆ ಅಂಗಡಿಗೆ ರಜೆ ಇದ್ದಾಗ ನಾನು ಅಲ್ಲಿಗೆ ಹೋಗಿ ಕೂರುತ್ತೇನೆ. ಇದ್ದ ಆಟಗಳನ್ನೆಲ್ಲ ಆಡಿ ಬೇಸತ್ತ ಮಕ್ಕಳು, ತಾವೇ ಆಟ ಮಾಡಬೇಕೆಂದು ಹಟ ಹಿಡಿದರು. ದೊಡ್ಡ ಸಿಸ್ಟರ್ ನನ್ನ ಕಡೆ ತಿರುಗಿ, "ನಿಮ್ಮ ಯಜಮಾನ್ರು ಇದೇ ಕೆಲಸದವರಲ್ವಾ, ನಿಮಗೆ ಸ್ವಲ್ಪನಾದ್ರೂ ಗೊತ್ತಿರತ್ತೆ" ಅಂದುಬಿಟ್ಟರು. ಸೂಜಿಗೆ ದಾರ ಪೋಣಿಸುವವಳಿಗೆ ಪ್ರೋಗ್ರಾಮಿಂಗ್ ಗಂಟುಬಿತ್ತು.

ಯಾವ ಭಾಷೆ ಹಿಡಿಯುವುದೆಂಬುದಕ್ಕೇ ತಲೆ ಕೆಟ್ಟುಹೋಯಿತು. ಮೊದಲು ಗೊಡೋ ಅನ್ನುವ, ಆಟ ಕಟ್ಟುವ ದೊಡ್ಡ ತಂತ್ರಾಂಶ ಹಾಕಿ ನೋಡಿದೆವು. ಆ ಹಳೆಯ ಯಂತ್ರಗಳು ಏದುಸಿರು ಬಿಟ್ಟವು. ಲುವಾ ಭಾಷೆ ಚೆನ್ನಾಗಿತ್ತು, ಆದರೆ ಆಟ ಕಟ್ಟಲು ಅದರ ಜೊತೆ ಬೇಕಾದ ಲೈಬ್ರರಿಯ ಹೆಸರೇ 'ಲವ್' ಅಂತೆ. ನಮ್ಮ ಮನೆಯಲ್ಲಿ ಅದು ಕೈಕೊಟ್ಟಾಗಿದೆ, ಬೇಡ ಅಂದೆ. ಸಿಸ್ಟರ್‌ಗೆ ನಗು ಬಂತು, ಆಮೇಲೆ ನನ್ನ ಮುಖ ನೋಡಿ ಬೇರೆ ಹೆಸರು ಹುಡುಕತೊಡಗಿದರು. ನಿಮ್ಮ ಸಿ ಪ್ಲಸ್ ಪ್ಲಸ್ ಹೆಸರನ್ನು ನಾನು ಎತ್ತಲೇ ಇಲ್ಲ. ಕೊನೆಗೆ ಪೈಥಾನ್ ಭಾಷೆ, ಅದರ ಜೊತೆ ಆಟಗಳಿಗೆಂದೇ ಇರುವ ಪೈಗೇಮ್. ಒಂದೇ ಸಾಲಿನ ಆಜ್ಞೆ ಕೊಟ್ಟರೆ ಬಂದು ಕೂತುಕೊಳ್ಳುತ್ತದೆ. ಸಾಲುಗಳ ಅಂಚು ನೇರವಾಗಿರಬೇಕು, ಅಷ್ಟೇ. ಅಂಚು ನೇರ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಹುಡುಗಿ ಬಾಣದ ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಚೌಕವೊಂದು ಸರಸರನೆ ಓಡಿತು. ಅವಳು ಕೇಕೆ ಹಾಕಿ ನಕ್ಕಳು. ನಾನು ಪರದೆ ಬಟ್ಟೆಯ ಹಿಂದೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಅದು ದುಃಖ ಮಾತ್ರ ಅಲ್ಲ, ಸಿಟ್ಟೂ ಹೌದು. ನಮ್ಮ ಮಗು ಕೇಳಿದ್ದೂ ಇಷ್ಟೇ ತಾನೆ? ಅವಳ ಆಟದಲ್ಲಿ ಒಂದು ಆಮೆ ರಸ್ತೆ ದಾಟಬೇಕಿತ್ತು. ನೀವು ರಜೆ ಹಾಕಿ, ಲ್ಯಾಪ್‌ಟಾಪ್ ಹಿಡಿದು ಅವಳ ಮಂಚದ ಪಕ್ಕ ಕೂತಿರಿ. ಆದರೆ ನಿಮಗೆ ಎಲ್ಲವೂ ಬುಡದಿಂದ ಆಗಬೇಕು, ಎಲ್ಲವೂ ನಿಮ್ಮ ಕೈಯದೇ ಆಗಬೇಕು. ಕಪ್ಪು ಕಿಟಕಿ ತೆರೆಯಿತು, ರಸ್ತೆ ಬಂತು, ಆಮೆಯೂ ಬಂತು. ಅದು ಅರ್ಧದಾರಿಯಲ್ಲಿ ನಿಂತೇ ಇತ್ತು, ಅವಳು ಹೋಗಿಬಿಟ್ಟಳು.

ಮನೆ ಬಿಡುವಾಗ ನೀವು, "ಒಂದು ಆಮೆನ ರಸ್ತೆ ದಾಟಿಸೋಕೆ ಆಗಲಿಲ್ಲ ನನ್ನ ಕೈಲಿ. ನಿನ್ನ ಮುಖ ಹೇಗೆ ನೋಡ್ಲಿ" ಅಂದಿರಿ. ನಾನು ತಡೆಯಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಈಗ ಹಾಗೆ ಅನ್ನಿಸುತ್ತಿಲ್ಲ. ಸಿಟ್ಟು ಇಳಿದುಹೋಗಿದೆ, ಇಳಿದ ಜಾಗದಲ್ಲಿ ಏನೂ ಉಳಿದಿಲ್ಲ, ಅದೇ ಹೆಚ್ಚು ಕಷ್ಟವಾಗುತ್ತಿದೆ. ಅವಳ ಕಂಬಳಿಯನ್ನು ಇನ್ನೂ ಒಗೆದಿಲ್ಲ. ಇಬ್ಬರಿಗೆ ಅಂತ ಅನ್ನಕ್ಕಿಟ್ಟು, ಆಮೇಲೆ ನೆನಪಾಗಿ ಹಾಗೇ ನಿಂತುಬಿಡುತ್ತೇನೆ.

ಮಕ್ಕಳ ಚೌಕಗಳು ಈಗ ಒಂದರೊಳಗೊಂದು ತೂರಿಹೋಗುತ್ತಿವೆ. ಡಿಕ್ಕಿ ಹೊಡೆಸುವುದು ಹೇಗೆಂದು ಕೇಳುತ್ತಾರೆ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಬರುವ ಭಾನುವಾರ ಬನ್ನಿ. ಗಂಡ ಅಂತ ಕರೆಯುತ್ತಿಲ್ಲ, ಮೇಷ್ಟ್ರು ಅಂತ ಕರೆಯುತ್ತಿದ್ದೇನೆ. ಮನೆಗೆ ಬರಬೇಕೆಂದೇನಿಲ್ಲ. ಬಂದರೆ ಬಾಗಿಲು ತೆಗೆಯುತ್ತೇನೆ.

ಇಂತಿ,
ಚಿನಕುರುಳಿಯ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪರದೆ ಬಟ್ಟೆಯ ಹಿಂದೆ ನಾನು ಅಳುತ್ತಿದ್ದಾಗ ಸಿಸ್ಟರ್ ಬಂದು ಹೇಳಿದರು. ನೀವು ಟೀ ತರಲು ಹೊರಗೆ ಹೋದಾಗಲೆಲ್ಲ, ಅವಳು ಮೆಲ್ಲಗೆ ಎದ್ದು ನಿಮ್ಮ ಕೋಡಿನಲ್ಲಿ ಯಾವುದೋ ಒಂದು ಅಂಕಿ ಬದಲಿಸಿ, ಮತ್ತೆ ಮಲಗಿಬಿಡುತ್ತಿದ್ದಳಂತೆ. ಸಿಸ್ಟರ್ ಗದರಿದ್ದಕ್ಕೆ, "ಅಪ್ಪಂಗೆ ಹೇಳ್ಬೇಡಿ ಸಿಸ್ಟರ್. ಆಟ ಮುಗಿದ್ರೆ ಅವರು ಮತ್ತೆ ಆಫೀಸಿಗೆ ಹೋಗ್ಬಿಡ್ತಾರೆ" ಅಂದಳಂತೆ.