ಕಮಾನಿನ ಮೇಲೆ ಮರೆಮ್ಮ

ಅಫಜಲಪುರ
೧೨ ಡಿಸೆಂಬರ್ ೨೦೨೫

ಗೌತಮಿಯ ಅಪ್ಪ ಧಮ್ಮಪಾಲ ಅವರಿಗೆ,

ಕ್ಷೇಮ ಕೇಳುವಷ್ಟು ತಾಳ್ಮೆ ಇವತ್ತು ನನ್ನಲ್ಲಿಲ್ಲ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಕಲಬುರಗಿ ಬಸ್ಸಿನ ಕಂಡಕ್ಟರ್ ರಸೂಲನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ನೀವು ಮನೆ ಬಿಟ್ಟು ಹೋದಾಗಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ನಮ್ಮ ಶಾಲೆಯ ಆವರಣಕ್ಕೆ ಅತ್ತೆಯ ಹೆಸರಿಡಿಸಲು ನೀವು ಎಷ್ಟು ಕಚೇರಿ ಅಲೆದಿರಿ ಎಂಬುದು ನನಗೆ ಗೊತ್ತು. ಹೊಸ ಕಮಾನಿನ ಮೇಲೆ ‘ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಮರೆಮ್ಮ ಸರಕಾರಿ ಶಾಲಾ ಆವರಣ’ ಎಂದು ಬರೆದದ್ದನ್ನು ಓದಿ, ಅದೇ ಶಾಲೆಯಲ್ಲಿ ಪಾಠ ಮಾಡುವ ನನಗೂ ಎದೆ ತುಂಬಿ ಬಂದಿತ್ತು. ದಲಿತರಿಗೆ ಬೇರೆ ಕಪ್ಪು ಇಡುತ್ತಿದ್ದ ಹೋಟೆಲಿನೊಳಗೆ ನುಗ್ಗಿ, ಎಲ್ಲರ ಕಪ್ಪಿನಲ್ಲೇ ಚಹಾ ಕುಡಿದು, ತಲೆ ಒಡೆಸಿಕೊಂಡ ಹೆಂಗಸು ಅವರು. ಈ ಊರಲ್ಲಿ ಹೆಸರಿಡಲು ಇನ್ಯಾರಿದ್ದಾರೆ?

ಆದರೆ ಆ ಹೆಸರಿಗೆ ನೀವು ತೆತ್ತ ಬೆಲೆ ನಿನ್ನೆ ತಿಳಿಯಿತು. ಬಿಸಿಯೂಟ ಮಾಡುವ ಸುಂದರಬಾಯಿ ನಮ್ಮ ಕೇರಿಯವಳು, ದಲಿತಳು ಎಂದು ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದ್ದರು. ನಾವು ಮನೆಮನೆಗೆ ಹೋಗಿ ತಂದೆತಾಯಿಗೆ ಬುದ್ಧಿ ಹೇಳುತ್ತಿದ್ದೆವು. ಅಷ್ಟರಲ್ಲಿ ಶಾಲಾ ಸಮಿತಿಯ ಹಣಮಂತರಾಯರು ನಿಮ್ಮ ಹತ್ತಿರ ಬಂದು, ಅಡುಗೆಯವಳನ್ನು ಬದಲಿಸಿದರೆ ಹೆಸರಿಗೆ ತಕರಾರು ಮಾಡುವುದಿಲ್ಲ ಎಂದರಂತೆ. ನೀವು ಹೂಂ ಅಂದಿರಿ! ನಿನ್ನೆ ಸುಂದರಬಾಯಿಯ ಕೈಯಿಂದ ಸೌಟು ಕಸಿದು ಕಸಬರಿಗೆ ಕೊಟ್ಟರು. ‘ನಿಮ್ಮ ಮನಿಯವರೇ ಒಪ್ಯಾರಂತ್ರಿ ಅಕ್ಕೋರ, ನಾ ಯಾರ ಮುಂದ ಅಳಲಿ?’ ಎಂದು ಆಕೆ ಕೇಳಿದಾಗ ನಾಚಿಕೆಯಿಂದ ಸತ್ತುಹೋದೆ.

‘ಮೊದಲ ಹೆಸರು ಬರಲಿ, ಉಳಿದದ್ದು ಆಮ್ಯಾಗ ನೋಡಮು’ ಎಂದಿರಂತೆ ನೀವು. ಹೆಡ್‌ಮಾಸ್ತರರೇ ಹೇಳಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ! ಯಾವುದರ ವಿರುದ್ಧ ಅತ್ತೆ ಏಟು ತಿಂದರೋ ಅದನ್ನೇ ಅವರ ಹೆಸರಿನ ಕೆಳಗೆ ತಂದು ಕೂರಿಸಿದ್ದೀರಿ. ನಿಮ್ಮ ಮಾರಿ ನೋಡಲೂ ನನಗೆ ಅಸಹ್ಯ.

ಅತ್ತೆಗೆ ನಾನಿನ್ನೂ ಹೇಳಿಲ್ಲ. ಸೋಮವಾರದ ಸಮಾರಂಭಕ್ಕೆಂದು ತಂದ ಸೀರೆಯನ್ನು ದಿನಾ ಬಿಚ್ಚಿ ನೋಡಿ, ಮತ್ತೆ ಮಡಿಸಿಡುತ್ತಾರೆ. ಆ ಖುಷಿ ಕಿತ್ತುಕೊಳ್ಳಲು ನನಗೆ ಬಾಯೇ ಬರುತ್ತಿಲ್ಲ. ನಾಳೆಯೇ ಬನ್ನಿ. ಬಂದು ಸುಂದರಬಾಯಿಯನ್ನು ಮತ್ತೆ ಒಲೆಯ ಮುಂದೆ ಕೂರಿಸಿ. ಆಗದಿದ್ದರೆ ಏನು ಮಾಡಿದ್ದೀರೆಂದು ನಿಮ್ಮ ತಾಯಿಗೆ ನೀವೇ ಹೇಳಿ.

ಇಂತಿ,
ಮರೆಮ್ಮನ ಸೊಸೆ
ಜಯಮಾಲಾ

ತಾ.ಕ.: ಪತ್ರ ಮಡಚುವಷ್ಟರಲ್ಲಿ ನಿಮ್ಮ ಮಗಳು ಅಜ್ಜಿಗೆ ಎಲ್ಲ ಹೇಳಿಬಿಟ್ಟಿದ್ದಾಳೆ. ಅವಳೂ ಅದೇ ಶಾಲೆಯಲ್ಲಿ ಉಣ್ಣುವವಳಲ್ಲವೇ? ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ನಿಮಗೆ ಹೀಗೆ ಬರೆ ಎಂದರು: ‘ಸೋಮವಾರ ನಾ ಸ್ಟೇಜಿಗಿ ಬರಂಗಿಲ್ಲ. ಸುಂದರಿ ಅಡಗಿ ಮಾಡ್ತಾಳ, ನಾ ಬಡಸ್ತೇನಿ. ಕಮಾನಿನ ಮ್ಯಾಲ ಹೆಸರಿದ್ದಾಕಿ ಕೈಲೆ ಉಣ್ಣಂಗಿಲ್ಲಂತ ಯಾರರೆ ನನ್ನ ಮಾರಿ ನೋಡಿ ಹೇಳ್ಲಿ. ಮೊದಲ ತಾಟು ಹಣಮಂತರಾಯಂದು. ಅವನ ಬಾಜೂಕ ನನ್ನ ಮಗ ಕೂಡ್ಲಿ.’