ಬಿರುಕಿನ ಮೇಲಿನ ಗಾಜು

ಮನೆ ಮಾಲೀಕರಿಗೆ ಮೇಲ್ಮಹಡಿಯವಳ ನಮಸ್ಕಾರ.

ನಮ್ಮ ಅಡುಗೆಮನೆಯ ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಎಂಜಿನಿಯರು ಅದರ ಮೇಲೊಂದು ಗಾಜಿನ ಪಟ್ಟಿ ಅಂಟಿಸಿದ್ದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ನೀವು ತಿಂಗಳಿಗೊಮ್ಮೆ ಬಂದು, "ನೋಡಮ್ಮಾ, ಗಾಜು ಹಾಗೇ ಇದೆ. ಸುಮ್ನೆ ತಲೆ ಕೆಡಿಸ್ಕೋಬೇಡ" ಎನ್ನುತ್ತೀರಿ.

ನನ್ನ ತಲೆ ಸರಿಯಾಗಿಯೇ ಇದೆ. ಮೊದಲ ದಿನವೇ ಗಾಜಿನ ಮೂಲೆಗೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದೆ. ನಿನ್ನೆ ನೋಡಿದರೆ ಗಾಜಿದೆ, ಚುಕ್ಕೆ ಇಲ್ಲ. ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುವುದು ನಿಮ್ಮ ಬಳಿ ಮಾತ್ರ.

ಕೆಳಗಿನ ಮನೆಯಲ್ಲಿದ್ದ ನಿಮ್ಮ ತಾಯಿಯನ್ನು ಹೋದ ವಾರ ಹವಾ ಬದಲಾವಣೆಗೆಂದು ಕರೆದೊಯ್ದಿರಿ. ಜೊತೆಗೆ ಮಂಚ, ಬೀರುಗಳೂ ಹೋದವು.

ದಯವಿಟ್ಟು ಅವರಿರುವ ವಿಳಾಸ ಕಳಿಸಿ. ಸಾಯಂಕಾಲ ನಾನು ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಬರುತ್ತೇನೆ.

ಇಂತಿ,
ಸದ್ಯಕ್ಕೆ ನಿಮ್ಮ ಬಾಡಿಗೆದಾರಳು